ಹನ್ನೊಂದು ವರ್ಷದ ಬಲೂನ್ ಟ್ರ್ಯಾಕಿಂಗ್ ಸರ್ವರ್ ನಿಲ್ಲಿಸಬೇಕು ಅಂತಿದ್ದೇನೆ. ಹೇಗೆ ನಿಲ್ಲಿಸಲಿ?

ಅಟ್ಟದ_ಆಂಟೆನಾ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಒಂದು ಪಕ್ಕ ಅಡಿಕೆ ಚೀಲ, ಇನ್ನೊಂದು ಪಕ್ಕ ಅಜ್ಜಿ ಕಾಲದ ತಾಮ್ರದ ಹಂಡೆ, ನಡುವೆ ಇದು. ಶಿವಮೊಗ್ಗದ ಸುತ್ತಮುತ್ತ ಕಾಲೇಜು ಹುಡುಗರು, ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಜಿಪಿಎಸ್, ರೇಡಿಯೋ ಇರುವ ಪೆಟ್ಟಿಗೆ ಕಟ್ಟಿ ಹಾರಿಸುವ ಬಲೂನ್ ಈಗ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ನಕ್ಷೆಯಲ್ಲಿ ತೋರಿಸುವುದು ಇದರ ಕೆಲಸ. ನಾವು ಐದು ಜನ ಸೇರಿ 2014ರಲ್ಲಿ ಶುರು ಮಾಡಿದ್ದು. ಈಗ ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಒಬ್ಬ ಜರ್ಮನಿಯಲ್ಲಿ. ಇನ್ನೊಬ್ಬನಿಗೆ ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ ಮಾರಾಯ" ಅನ್ನುತ್ತಾನೆ. ಉಳಿದವನು ನಾನು.

ಆಗ ನಮಗೆ ಮಾದರಿ ಅಂದರೆ ಬ್ರಿಟನ್ನಿನ ಹ್ಯಾಬ್‌ಹಬ್ ಅನ್ನುವ ಬಲೂನ್ ಟ್ರ್ಯಾಕಿಂಗ್ ಸೈಟು. ಅಲ್ಲಿನವರೂ ನಮ್ಮ ಹಾಗೇ ಬಿಡುವಿನಲ್ಲಿ ನಡೆಸುತ್ತಿದ್ದವರು. ಬಲೂನಿನಿಂದ ರೇಡಿಯೋದಲ್ಲಿ ಒಂದೊಂದೇ ಸಾಲು ಬರುತ್ತದೆ. ಕೆಳಗೆ ಕೇಳುವವರು ಅದನ್ನು ಹಾಗೇ ಸರ್ವರ್‌ಗೆ ದಾಟಿಸುತ್ತಾರೆ. ಆ ಸಾಲಿನಲ್ಲಿ ಯಾವುದು ಸಮಯ, ಯಾವುದು ಎತ್ತರ ಅಂತ ಬಿಡಿಸುವುದು ಸರ್ವರ್ ಪಾಲಿಗೆ. ಅದಕ್ಕಾಗಿ ಪ್ರತಿ ಬಲೂನಿಗೂ ಮೊದಲೇ ಒಂದು ಫೈಲ್ ಬರೆದಿಡಬೇಕು. ಅದನ್ನೇ ನಾವೂ ಕಾಪಿ ಹೊಡೆದೆವು. ಹಾಗಾಗಿ ಇವತ್ತಿಗೂ ಯಾರೇ ಬಲೂನ್ ಬಿಡಲಿ, ಹಿಂದಿನ ರಾತ್ರಿ ನಾನು ಕೂತು ಆ ಫೈಲ್ ಬರೆಯಬೇಕು. ನನಗೆ ಜ್ವರ ಬಂದರೆ ಬಲೂನ್ ಹಾರುವುದಿಲ್ಲ ಅಂತ ನಮ್ಮನೆಯವಳು ತಮಾಷೆ ಮಾಡುತ್ತಾಳೆ. ತಮಾಷೆ ಏನಲ್ಲ ಅದು.

ಈ ಫೆಬ್ರವರಿಯಲ್ಲಿ ಆದದ್ದು ಕೇಳಿ. ನಾನು ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪದವನು ಇನ್ನೂ ಬಂದಿರಲಿಲ್ಲ. ಫೋನ್ ಬಂತು. "ಸಾರ್, ಬಲೂನ್ 11,800 ಮೀಟರ್‌ನಲ್ಲಿ ನಿಂತುಬಿಟ್ಟಿದೆ!" ಬಲೂನ್ ಆಕಾಶದಲ್ಲಿ ನಿಲ್ಲುತ್ತದಾ? ನನಗೆ ಮೊದಲು ಅನುಮಾನ ಬಂದದ್ದು ಜಿಪಿಎಸ್ ಮೇಲೆ. ಯು-ಬ್ಲಾಕ್ಸ್ ಜಿಪಿಎಸ್ ಚಿಪ್‌ಗೆ ಎತ್ತರದ ಹಾರಾಟದ ಮೋಡ್ (ಏರ್‌ಬೋರ್ನ್ ಮೋಡ್) ಹಾಕಲು ಮರೆತರೆ 12 ಕಿಲೋಮೀಟರ್ ದಾಟಿದ ಮೇಲೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಮೊದಲ ಹಾರಾಟ ಹಾಗೇ ಹಾಳಾಗಿತ್ತು. ಹುಡುಗರಿಗೆ ಸರಿಯಾಗಿ ಬೈದೆ. ಆಮೇಲೆ ಎಡಗೈಯಲ್ಲೇ ಫೋನ್ ಒತ್ತಿ ಒಳಗೆ ಹೋಗಿ ನೋಡಿದರೆ ನಮ್ಮ ಸರ್ವರ್‌ನ ಡಿಸ್ಕ್ ತುಂಬಿತ್ತು. ಬಲೂನ್ ಆರಾಮಾಗಿ ಸೆಕೆಂಡಿಗೆ 5 ಮೀಟರಿನಂತೆ ಮೇಲೆ ಹೋಗುತ್ತಲೇ ಇತ್ತು. ನಿಂತದ್ದು ನನ್ನ ಯಂತ್ರ. ಎಡಗೈಯಲ್ಲೇ ಹಳೇ ಲಾಗ್ ಅಳಿಸಿದೆ. ಅಷ್ಟರಲ್ಲಿ ತುಪ್ಪದವನು ಮುಂದೆ ಹೋಗಿ ಆಗಿತ್ತು.

ಕೊನೆಗೆ ಪೆಟ್ಟಿಗೆ ಸಿಕ್ಕಿತು. ಚನ್ನಗಿರಿ ಹತ್ತಿರ ಒಂದು ಅಡಿಕೆ ತೋಟದಲ್ಲಿ, ಮರದ ತುದಿಯಲ್ಲಿ, ಪ್ಯಾರಾಚೂಟ್ ಸಮೇತ. ತೋಟದವರೇ ಅಡಿಕೆ ಗೊನೆ ಇಳಿಸುವ ಫೈಬರ್ ದೋಟಿಯಲ್ಲಿ ಇಳಿಸಿ ಕೊಟ್ಟರಂತೆ. ಥರ್ಮೋಕೋಲ್‌ಗೆ ಒಂದು ಗೀರೂ ಬಿದ್ದಿರಲಿಲ್ಲ.

ಮೊದಲಾದರೆ ಇದನ್ನೆಲ್ಲ ನಕ್ಕು ಬಿಟ್ಟುಬಿಡಬಹುದಿತ್ತು. ಈಗ ಹಾಗಲ್ಲ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಅದೇ ವರ್ಷ ಆಗಸ್ಟ್ ಕೊನೆಗೆ ವಿಮಾನವೂ ಬಂತು. ಅನುಮತಿ ತೆಗೆದುಕೊಂಡು ಬಲೂನ್ ಬಿಟ್ಟ ಮೇಲೆ "ಈಗ ಎಲ್ಲಿದೆ?" ಅಂತ ಅಲ್ಲಿಂದ ಕೇಳಿದರೆ "ಸರ್ವರ್ ಮಲಗಿದೆ, ನಾನು ಊಟಕ್ಕೆ ಕೂತಿದ್ದೇನೆ" ಅನ್ನಲು ಆಗುತ್ತದಾ?

ರಿಪೇರಿ ಮಾಡೋಣ ಅಂದರೆ ಎಲ್ಲಿಂದ ಶುರು ಮಾಡುವುದು? ಇಡೀ ಪ್ರೋಗ್ರಾಂ ಪೈಥಾನ್ ಭಾಷೆಯ ಹಳೇ ಆವೃತ್ತಿ ಪೈಥಾನ್ 2ರಲ್ಲಿದೆ. ಅದಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತು ತಿಥಿ ಆಗಿದೆ. 2018ರಲ್ಲಿ ಗೂಗಲ್ ನಕ್ಷೆಯ ನಿಯಮ ಬದಲಾಯಿತು ಅಂತ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋದೆವು. 2021ರ ಸೆಪ್ಟೆಂಬರ್ 30ಕ್ಕೆ ವೆಬ್ ಭದ್ರತೆಯ ಒಂದು ಹಳೇ ಸರ್ಟಿಫಿಕೇಟ್ ಮುಗಿದು, ಹಳೇ ಫೋನ್ ಇಟ್ಟುಕೊಂಡವರಿಗೆ ಪುಟವೇ ತೆರೆಯದ ಹಾಗಾಯಿತು. ಮಳೆಗಾಲದ ಕರೆಂಟು, ಸಿಡಿಲಿಗೆ ಸುಟ್ಟ ಮೋಡೆಮ್‌ಗಳ ಲೆಕ್ಕ ಬೇರೆ.

ಹ್ಯಾಬ್‌ಹಬ್ ಕೂಡ ಈಗಿಲ್ಲ. ಅಲ್ಲಿದ್ದವರು ಸೋಂಡ್‌ಹಬ್ ಅಮೆಚೂರ್‌ಗೆ ಹೋದರು. ಹವಾಮಾನ ಇಲಾಖೆಗಳು ಗಾಳಿ, ಉಷ್ಣಾಂಶ ಅಳೆಯಲು ಬಲೂನಿಗೆ ಕಟ್ಟಿ ದಿನಾ ಬಿಡುವ ರೇಡಿಯೋಸೋಂಡ್‌ಗಳನ್ನು ಹಿಂಬಾಲಿಸಲು ಹುಟ್ಟಿದ ಸೋಂಡ್‌ಹಬ್‌ನ ಇನ್ನೊಂದು ಕೊಂಬೆ ಅದು. ಅಲ್ಲಿ ಸಾಲು ಬಿಡಿಸುವ ಕೆಲಸ ಕೇಳುವವರ ರಿಸೀವರ್‌ನಲ್ಲೇ ಮುಗಿಯುತ್ತದೆ. ಸರ್ವರ್‌ಗೆ ಸಿದ್ಧವಾದ ಲೆಕ್ಕ ಹೋಗುತ್ತದೆ. ಹಿಂದಿನ ರಾತ್ರಿ ಯಾರೂ ಕೂತು ಫೈಲ್ ಬರೆಯಬೇಕಾಗಿಲ್ಲ. ನಾವೂ ಅಲ್ಲಿಗೇ ಹೋಗುವುದು ಸರಿ ಅಂತ ನನಗನ್ನಿಸಿದೆ.

ಆದರೆ ನಮ್ಮಲ್ಲಿ ಒಂದು ಪುಟ ಇದೆ. ಬಲೂನ್ ಕೊನೆಯ ಸಲ ಕೇಳಿಸಿದ ಜಾಗ, ಅದರ ಹತ್ತಿರದ ಹಳ್ಳಿ, ಮಜರೆಗಳ ಹೆಸರು, ಎಲ್ಲ ಕನ್ನಡದಲ್ಲಿ. 30 ಕಿಲೋಮೀಟರ್ ಮೇಲಿರುವಾಗ 600 ಕಿಲೋಮೀಟರ್ ಆಚೆಗೂ ಕೇಳಿಸುವ ಟ್ರಾನ್ಸ್‌ಮಿಟರ್, ನೆಲಕ್ಕಿಳಿದ ಮೇಲೆ ಪಕ್ಕದ ಗುಡ್ಡದ ಹಿಂದೆಯೂ ಕೇಳಿಸುವುದಿಲ್ಲ. ಅಲ್ಲಿಂದ ಮುಂದೆ ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡೇ ಹೋಗಬೇಕು ಅಲ್ವಾ? ಅದಕ್ಕೆ ಹಳ್ಳಿ ಹೆಸರು ಬೇಕು. ಆ ಪಟ್ಟಿ ನಾವು ಐದು ಜನ ಬೈಕಿನಲ್ಲಿ ತಿರುಗಿ ಮಾಡಿದ್ದು. ಅದೊಂದು ಬಿಡಲು ಮನಸ್ಸು ಬರುತ್ತಿಲ್ಲ.

ಯಾರಿಗಾದರೂ ವಹಿಸಲಾ? ಸುಮ್ನೆ ಆಫ್ ಮಾಡಿಬಿಡಲಾ? ಹಳೇ ಹಾರಾಟಗಳ ದಾಖಲೆ ಏನು ಮಾಡಲಿ?

ತುಂಗಾ_ದಡ (ಶಿವಮೊಗ್ಗ)

ಅಣ್ಣಾ, ದಯವಿಟ್ಟು ನಿಲ್ಲಿಸಬೇಡಿ. ಫೆಬ್ರವರಿಯಲ್ಲಿ ನಿಮಗೆ ಫೋನ್ ಮಾಡಿದ್ದು ನಾನೇ. ಹೋಳಿಗೆ ವಿಷಯ ಗೊತ್ತಿರಲಿಲ್ಲ, ಸಾರಿ.

ನನಗೆ ಕೊಡಿ. ಪೈಥಾನ್ 3ಕ್ಕೆ ಬದಲಾಯಿಸಿ ಕ್ಲೌಡ್‌ಗೆ ಹಾಕುತ್ತೇನೆ. ಹಾಸ್ಟೆಲಿನಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಕೋಡ್ ನೋಡಿದ್ದೇನೆ, ಅಷ್ಟೇನು ದೊಡ್ಡದಲ್ಲ. ಈ ವರ್ಷದ ಪ್ರಾಜೆಕ್ಟ್ ಅಂತಲೂ ತೋರಿಸಬಹುದು.

ಹಳೇ_ರೂಟರ್ (ಊರು ಹೊಸನಗರ, ಇರುವುದು ಬೆಂಗಳೂರು)

ತಮ್ಮಾ, ನಿನ್ನ ಉತ್ಸಾಹಕ್ಕೆ ತಣ್ಣೀರು ಹಾಕುತ್ತಿಲ್ಲ. ಆದರೆ ಇನ್ನೊಂದು ವರ್ಷಕ್ಕೆ ನಿನಗೆ ಕೆಲಸ ಸಿಗುತ್ತದೆ. ನೈಟ್ ಶಿಫ್ಟ್ ಬೀಳುತ್ತದೆ. ಆಮೇಲೆ ನೀನೂ ಇಲ್ಲಿ ಬಂದು ಇದೇ ಪ್ರಶ್ನೆ ಕೇಳುತ್ತೀಯ. ಕೋಡ್ ಚಿಕ್ಕದು ನಿಜ. ಹಾರಾಟದ ದಿನ ಒಬ್ಬ ಎದ್ದು ಕೂತಿರಬೇಕಲ್ಲ, ಭಾರ ಇರುವುದು ಅಲ್ಲಿ. ಅದನ್ನು ಪೈಥಾನ್ 3ಕ್ಕೆ ಬದಲಾಯಿಸಲು ಆಗುವುದಿಲ್ಲ.

ಆಂಟೆನಾ ಅವರೇ, ನಿಲ್ಲಿಸಿ. ಒಳ್ಳೆ ನಿರ್ಧಾರ. ಆದರೆ ಒಂದೇ ದಿನ ಪ್ಲಗ್ ಕೀಳಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮಾಡಿ. ಆಗ ನಮ್ಮ ಕಡೆ ಯಾರೂ ಬಲೂನ್ ಬಿಡುವುದಿಲ್ಲ. ಮಳೆ ಒಂದೇ ಕಾರಣ ಅಲ್ಲ. ಕೆಳಗಿನ ಗಾಳಿ ಪಡುವಣದಿಂದ ಬೀಸಿದರೆ, ಮೇಲೆ 14-15 ಕಿಲೋಮೀಟರ್‌ನಲ್ಲಿ ಮುಂಗಾರಿನಲ್ಲಿ ಪೂರ್ವದಿಂದ ಜೋರಾಗಿ ಬೀಸುವ ಜೆಟ್ ಗಾಳಿ ಇರುತ್ತದೆ. ಹೊನ್ನಾಳಿ ಕಡೆ ಹೋಗಲಿ ಅಂತ ಬಿಟ್ಟದ್ದು ಅರಬ್ಬಿ ಸಮುದ್ರದ ಕಡೆ ತಿರುಗಿಕೊಳ್ಳುತ್ತದೆ. ನಿಮ್ಮ ದೋಟಿ ಅಲ್ಲಿಗೆ ಎಟುಕುವುದಿಲ್ಲ.

ಮೊದಲು ಹೊಸ ಬಲೂನ್ ಸೇರಿಸುವುದನ್ನು ಬಂದ್ ಮಾಡಿ, ಹಳೆಯದು ನೋಡಲು ಮಾತ್ರ ಬಿಡಿ. ಮುಖಪುಟದಲ್ಲಿ ತಾರೀಖು ಹಾಕಿ ದೊಡ್ಡದಾಗಿ ಬರೆಯಿರಿ, ಕೆಳಗೇ ಸೋಂಡ್‌ಹಬ್‌ಗೆ ಹೋಗುವ ದಾರಿ ಕೊಡಿ. ದಾಖಲೆಯನ್ನೆಲ್ಲ ಸಾದಾ ಸಿಎಸ್‌ವಿ ಫೈಲ್ ಮಾಡಿ. ಹತ್ತು ವರ್ಷ ಬಿಟ್ಟು ಯಾರಾದರೂ ತೆರೆದರೂ ಓದಲು ಬರಬೇಕು. ನಿಮ್ಮ ಡೇಟಾಬೇಸ್ ಆಗ ಯಾರ ಹತ್ತಿರ ಇರುತ್ತದೆ?

ಒಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ನಿಮ್ಮ ದಾಖಲೆಯಲ್ಲಿ ಬಲೂನ್ ಇದ್ದ ಜಾಗ ಮಾತ್ರ ಇಲ್ಲ, ಕೇಳಿದವರ ಮನೆ ಇರುವ ಜಾಗವೂ ಇದೆ. ರಿಸೀವರ್ ಇಟ್ಟವರ ಅಕ್ಷಾಂಶ, ರೇಖಾಂಶ, ಬಲೂನ್ ಬಿಟ್ಟವರ ಫೋನ್ ನಂಬರ್. ಎಲ್ಲರಿಗೂ ಸಿಗುವ ಹಾಗೆ ಇಡುವ ಮೊದಲು ಅವನ್ನು ತೆಗೆಯಿರಿ. ಕೋಡ್ ಹಾಕುವುದಾದರೆ ಹಳೇ ಪಾಸ್‌ವರ್ಡ್ ಎಲ್ಲಾದರೂ ಉಳಿದಿದೆಯಾ ನೋಡಿ. 2014ರ ಹುಡುಗರು ಬರೆದದ್ದು, ಇದ್ದೇ ಇರುತ್ತದೆ.

ವೆಬ್‌ಸೈಟಿನ ಹೆಸರನ್ನು ತಕ್ಷಣ ಬಿಡಬೇಡಿ. ನಾನು ಒಮ್ಮೆ ಹಾಗೆ ಬಿಟ್ಟ ಹೆಸರನ್ನು ಯಾರೋ ಜೂಜಿನವರು ಕೊಂಡುಕೊಂಡರು. ಶಾಲೆ ಮಕ್ಕಳ ನೋಟ್ಸಿನಲ್ಲಿ ಆ ವಿಳಾಸ ಇತ್ತು. ನಾಲ್ಕೈದು ವರ್ಷ ದುಡ್ಡು ಕಟ್ಟಿ, ಒಂದೇ ಒಂದು ಪುಟ ಇಟ್ಟಿರಿ. ನನ್ನ ಪಾಲು ನಾನು ಕೊಡುತ್ತೇನೆ.

ಇನ್ನು ಹಳ್ಳಿ ಹೆಸರಿನ ಪುಟ. ಅದನ್ನು ಈ ತಮ್ಮನಿಗೆ ಕೊಡಿ. ಸೋಂಡ್‌ಹಬ್‌ನಿಂದ ಕೊನೆಯ ಜಾಗ ತೆಗೆದುಕೊಂಡು ನಿಮ್ಮ ಪಟ್ಟಿಯಲ್ಲಿ ಹುಡುಕಿ ಹೆಸರು ತೋರಿಸಿದರೆ ಆಯಿತು. ಕೆಟ್ಟು ನಿಂತರೂ ಯಾರ ಬಲೂನೂ ಕಳೆದುಹೋಗುವುದಿಲ್ಲ. ಸೋಂಡ್‌ಹಬ್ ಕೂಡ ಸ್ವಯಂಸೇವಕರೇ ನಡೆಸುವುದು ಅನ್ನುವುದು ನೆನಪಿರಲಿ. ರಿಸೀವರ್ ಇಟ್ಟವರೆಲ್ಲ ತಮ್ಮಲ್ಲೂ ಒಂದು ಕಾಪಿ ಉಳಿಸಿಕೊಳ್ಳಿ.

ಸಾಗರದ_ಮೇಷ್ಟ್ರು

ನಮಸ್ಕಾರ. ನಿಮ್ಮ ಸರ್ವರ್ ನಂಬಿಕೊಂಡು ನಾಲ್ಕು ಪೆಟ್ಟಿಗೆ ಇಟ್ಟುಕೊಂಡವನು ನಾನು. ಮಕ್ಕಳೇ ಬೆಸುಗೆ ಹಾಕಿದ್ದು. ಅಕ್ಷರಗಳನ್ನು ಸದ್ದಾಗಿ ಮಾಡಿ ರೇಡಿಯೋದಲ್ಲಿ ಕಳಿಸುವ ಹಳೇ ಆರ್‌ಟಿಟಿವೈ ಪದ್ಧತಿ, ನಿಧಾನ, ಆದರೆ ಆ ಕಿರಿಕಿರಿ ಸದ್ದು ಕೇಳಿದರೆ ಮಕ್ಕಳು ಕುಣಿಯುತ್ತಾರೆ. ಇವನ್ನು ಹೊಸದಕ್ಕೆ ಸೇರಿಸಲು ಆಗುತ್ತದಾ? ನಾನು ಒಮ್ಮೆ ಬೇರೆ ಪ್ರೋಗ್ರಾಂ ಹಾಕಿ ನೋಡಿದ್ದೆ. ಪೆಟ್ಟಿಗೆ ಶಿವಮೊಗ್ಗದ ಮೈದಾನದಲ್ಲಿ ನನ್ನ ಕಾಲ ಹತ್ತಿರವೇ ಇತ್ತು, ನಕ್ಷೆಯಲ್ಲಿ ಕೊಪ್ಪ ತೋರಿಸಿತು. ಹೆದರಿ ವಾಪಸ್ ನಿಮ್ಮಲ್ಲಿಗೇ ಬಂದೆ. ನಿಮ್ಮದರಲ್ಲಿ ಯಾವತ್ತೂ ತಪ್ಪಿಲ್ಲ.

ಅಟ್ಟದ_ಆಂಟೆನಾ

ಅಯ್ಯೋ ಮೇಷ್ಟ್ರೇ, ತಪ್ಪು ನಿಮ್ಮ ಪೆಟ್ಟಿಗೆಯಲ್ಲೇ ಇರುವುದು! ಇಷ್ಟು ವರ್ಷ ಹೇಳಿಯೇ ಇರಲಿಲ್ಲವಾ ನಾನು?

ಜಿಪಿಎಸ್ ಚಿಪ್ ಅಕ್ಷಾಂಶವನ್ನು 1355.8 ಅಂತ ಕೊಡುತ್ತದೆ. ಅಂದರೆ 13 ಡಿಗ್ರಿ, 55.8 ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿದರೆ 13.93 ಬರುತ್ತದೆ, ಅದು ಶಿವಮೊಗ್ಗ. ನಿಮ್ಮ ಮಕ್ಕಳು ಇಡೀ ಸಂಖ್ಯೆಯನ್ನೇ 100ರಿಂದ ಭಾಗಿಸಿ 13.558 ಮಾಡಿದ್ದಾರೆ. ರೇಖಾಂಶಕ್ಕೂ ಹಾಗೇ, 75.57 ಇರಬೇಕಾದದ್ದು 75.342 ಆಗಿದೆ. ಎರಡೂ ಸೇರಿದರೆ ಸರಿಯಾಗಿ ಕೊಪ್ಪದ ಹತ್ತಿರ ಹೋಗಿ ಕೂರುತ್ತದೆ. ಅವತ್ತು ರಾತ್ರಿ ಫೋನ್ ಮಾಡುವುದು ಬೇಡ ಅಂತ ಸರ್ವರ್‌ನಲ್ಲೇ ನಿಮ್ಮ ಪೆಟ್ಟಿಗೆಗಳಿಗೆ ಮಾತ್ರ ಉಲ್ಟಾ ಲೆಕ್ಕ ಬರೆದಿಟ್ಟೆ. ಆಮೇಲೆ ನನಗೇ ಮರೆತುಹೋಗಿತ್ತು.

ರೂಟರ್ ಅವರೇ, ಈಗ ಹೆದರಿಕೆ ಆಗುತ್ತಿದೆ. ಇಂಥ ತೇಪೆ ಇನ್ನೆಷ್ಟಿವೆಯೋ.

ಸಾಗರದ_ಮೇಷ್ಟ್ರು

ಹೌದಾ! ಭೂಗೋಳದ ಪಾಠದಲ್ಲಿ ಡಿಗ್ರಿ, ನಿಮಿಷ ಹೇಳಿಕೊಡುವವನು ನಾನೇ. ಯಾರಿಗೂ ಹೇಳಬೇಡಿ.

ತುಂಗಾ_ದಡ

ಆ ತೇಪೆಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುವುದು ನನಗೆ ಬಿಡಿ ಅಣ್ಣಾ. ಮೇಷ್ಟ್ರ ಲೆಕ್ಕವನ್ನು ರಿಸೀವರ್ ಕಡೆಯ ಪ್ರೋಗ್ರಾಂನಲ್ಲಿ ಹಾಕಿ, ಸರಿ ಮಾಡಿಯೇ ಸೋಂಡ್‌ಹಬ್‌ಗೆ ಕಳಿಸಬಹುದು. ಪೆಟ್ಟಿಗೆ ಸಿಕ್ಕರೆ ಒಳಗಿನ ಕೋಡನ್ನೇ ತಿದ್ದುತ್ತೇನೆ. ಹಳ್ಳಿ ಹೆಸರಿನ ಪುಟವೂ ನನಗಿರಲಿ. ಸರ್ವರ್ ಬೇಡ, ರೂಟರ್ ಸರ್ ಹೇಳಿದ್ದು ಅರ್ಥ ಆಯಿತು.

ಅಟ್ಟದ_ಆಂಟೆನಾ

ಸರಿ ಹಾಗಾದರೆ. ಮುಖಪುಟದಲ್ಲಿ ಇವತ್ತೇ ಬೋರ್ಡ್ ಹಾಕುತ್ತೇನೆ. ಮಳೆ ಹಿಡಿದ ಮೇಲೆ ಹೊಸ ಬಲೂನ್ ಸೇರಿಸುವುದು ಬಂದ್. ಗಣೇಶನ ಹಬ್ಬಕ್ಕೆ ಬೆಂಗಳೂರಿನ ಇಬ್ಬರೂ ಊರಿಗೆ ಬರುತ್ತಾರೆ, ಮೂವರೂ ಅಟ್ಟ ಹತ್ತಿ ಆಫ್ ಮಾಡುತ್ತೇವೆ. ಜರ್ಮನಿಯವನು ವಿಡಿಯೋ ಕಾಲ್‌ನಲ್ಲಿ ಇರುತ್ತಾನಂತೆ. "ಆಮೇಲೆ ಮಾಡ್ತೀನಿ" ಅನ್ನುವವನಿಗೂ ಹೇಳಿದ್ದೇನೆ.

ಮೇಷ್ಟ್ರೇ, ಪೆಟ್ಟಿಗೆಗಳನ್ನು ಬಸ್ಸಿಗೆ ಕೊಡುವಾಗ ಬ್ಯಾಟರಿ ತೆಗೆದು ಕೊಡಿ. ಹೋದ ಸಲ ಹಾಗೇ ಕಳಿಸಿದ್ದಿರಿ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದ ಹಾಗೇ ನಮ್ಮ ಆಂಟೆನಾ ಹಿಡಿದುಬಿಟ್ಟಿತು. ಅಲ್ಲೊಂದು ಬಲೂನ್ ಬಿದ್ದಿದೆ ಅಂತ ಮೂರು ಜನ ನನಗೆ ಫೋನ್ ಮಾಡಿದರು.