ಮಲ್ಲುವಿನ ಮೊದಲ ಕೆಲಸ: ಕಾಕಾ ಕೇಳಿದ್ದಕ್ಕೆ

ಕಾಕಾ, ನಮಸ್ಕಾರ. ಮಲ್ಲುವಿಗೆ ಸಿಪಿಎಲ್, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್, ಕೈಗೆ ಬಂದಿದೆ. ಈಗ ಮುಧೋಳದ ಕಬ್ಬಿನ ಹೊಲ ಅಡವಿಟ್ಟು ಏರ್‌ಬಸ್ ಎ320 ಜೆಟ್‌ನ ಟೈಪ್ ರೇಟಿಂಗ್ ಮಾಡಿಸುವುದೋ, ಬೆಳಗಾವಿಯ ಸಾಂಬ್ರಾದಲ್ಲಿ ಹಾರಾಟ ಕಲಿಸುವ ಕೆಲಸ ಹಿಡಿಯುವುದೋ ಎಂದು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದೀರಿ. ಉತ್ತರ ಉದ್ದವಾಗುತ್ತದೆ, ಚಹಾ ಮುಂದಿಟ್ಟುಕೊಂಡು ಕೇಳಿ.

ಹೊಲಕ್ಕೆ ಕೈ ಹಚ್ಚಬೇಡಿ, ಈಗಂತೂ ಬೇಡ. ಟೈಪ್ ರೇಟಿಂಗ್ ಎಂದರೆ ಒಂದು ಮಾದರಿಯ ವಿಮಾನ ಹಾರಿಸಲು ಸಿಗುವ ಅರ್ಹತೆ, ನೌಕರಿಯ ಆದೇಶವಲ್ಲ. ನನ್ನ ಜೊತೆ ಕಲಿತ ಇಬ್ಬರು ಅದನ್ನು ಮಾಡಿಸಿಕೊಂಡು ಎರಡು ವರ್ಷ ಮನೆಯಲ್ಲಿ ಕುಳಿತರು. ಬಡ್ಡಿ ಮಾತ್ರ ಕುಳಿತಿರಲಿಲ್ಲ. ಕಂಪನಿ ಆಯ್ಕೆ ಮಾಡಿ ಪತ್ರ ಕೊಡಲಿ, ಆಮೇಲೆ ಹಣದ ಮಾತು.

ಮಲ್ಲು ನೋಡುವ ವಿಡಿಯೊಗಳೆಲ್ಲ ಅಮೆರಿಕದವು. ಅಲ್ಲಿ 2013ರಿಂದ ವಿಮಾನಯಾನ ಕಂಪನಿಯ ಸಹಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು. ಅದಕ್ಕೇ ಅಲ್ಲಿನ ಹುಡುಗರು ಜಾಹೀರಾತಿನ ಬ್ಯಾನರ್ ಎಳೆಯುತ್ತಾರೆ, ಪ್ಯಾರಾಚೂಟ್‌ನವರನ್ನು ಮೇಲೆ ಒಯ್ಯುತ್ತಾರೆ. ನಮ್ಮಲ್ಲಿ ಆ 1,500 ಬೇಕಾಗುವುದು ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಎಂಬ ಮೇಲಿನ ಲೈಸೆನ್ಸ್‌ಗೆ. ಸಹಪೈಲಟ್‌ಗೆ ಸಿಪಿಎಲ್‌ನ 200 ಗಂಟೆ ನಡೆಯುತ್ತದೆ. ಆದರೆ ಅದೇ 200 ಹಿಡಿದು ಬಾಗಿಲಲ್ಲಿ ನಿಂತವರ ಸಾಲು ಎಷ್ಟು ಉದ್ದವಿದೆ ಎಂಬುದನ್ನು ವಿಡಿಯೊದವನು ಹೇಳುವುದಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲು ಸೇರಿದ್ದು ಒಂದು ಬಾಡಿಗೆ ವಿಮಾನದ ಕಂಪನಿಗೆ. ಟರ್ಬೈನ್ ಎಂಜಿನ್, ದೊಡ್ಡವರ ಒಡನಾಟ, ಇಸ್ತ್ರಿ ಮಾಡಿದ ಅಂಗಿ. ಏಳು ತಿಂಗಳಲ್ಲಿ ಹಾರಿದ್ದು 41 ಗಂಟೆ. ಉಳಿದ ದಿನ ಇಂಧನದ ರಸೀದಿ ಜೋಡಿಸುವುದು, ಸಾಹೇಬರಿಗೆ ಊಟ ತರಿಸುವುದು. ಆದ್ದರಿಂದ ಯಾರೇ ಕೆಲಸ ಕೊಡಲಿ, ಮಲ್ಲು ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಇದು: ತಿಂಗಳಿಗೆ ಎಷ್ಟು ಗಂಟೆ ಹಾರಾಟ, ಅದರಲ್ಲಿ ಎಷ್ಟು ನನ್ನ ಲಾಗ್‌ಬುಕ್‌ಗೆ, ಅಂದರೆ ಹಾರಾಟದ ಲೆಕ್ಕದ ಪುಸ್ತಕಕ್ಕೆ, ಬರುತ್ತದೆ, ಕೆಲಸ ಬಿಡುವುದಿಲ್ಲವೆಂಬ ಬಾಂಡ್ ಎಷ್ಟು ವರ್ಷದ್ದು?

ಆಮೇಲೆ ನಾನು ಬೋಧಕಿಯಾದೆ. ಅದಕ್ಕೆ ಬೇರೆ ರೇಟಿಂಗ್ ಬೇಕು, ಖರ್ಚೂ ಇದೆ, ಹೊಲ ಹೋಗುವಷ್ಟಲ್ಲ. ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಬೋಧಕರದು ಬಲಗಡೆಯ ಸೀಟು. ವಿದ್ಯಾರ್ಥಿ ರನ್‌ವೇ ಇನ್ನೂ ಹತ್ತು ಅಡಿ ಕೆಳಗಿರುವಾಗಲೇ ವಿಮಾನದ ಮೂತಿ ಎತ್ತುತ್ತಾನೆ, ವೇಗ ಸೋರುತ್ತದೆ. ನನ್ನ ಕೈ ಕಂಟ್ರೋಲಿನಿಂದ ಎರಡು ಬೆರಳು ದೂರ. ಈಗಲೇ ಹಿಡಿದರೆ ಅವನು ಕಲಿಯುವುದಿಲ್ಲ, ಅರೆ ಸೆಕೆಂಡು ತಡವಾದರೆ ವಿಮಾನ ಧೊಪ್ಪೆಂದು ಬೀಳುತ್ತದೆ. ದಿನಕ್ಕೆ ನಾಲ್ಕು ಜನ ಇದನ್ನೇ ಮಾಡಿದರು. ಕಂಪನಿಯ ಸಂದರ್ಶನದಲ್ಲಿ ಎಂಜಿನ್ ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದಾಗ ನಾನು ಪುಸ್ತಕ ನೆನಪಿಸಿಕೊಳ್ಳಲಿಲ್ಲ. ಅದೇ ಬೆಳಿಗ್ಗೆ ಒಬ್ಬನಿಗೆ ಬೈದು ಹೇಳಿದ್ದೆ. ಬೋಧಕಿಯಾಗಿ ಹಾರಿದ ಗಂಟೆಗಳು ಪೈಲಟ್-ಇನ್-ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್‌ನ, ಲೆಕ್ಕಕ್ಕೇ ಹೋದವು, ಸಂಬಳ ಮಾತ್ರ ಕಾಕುವಿಗೆ ಹೇಳುವಂತಿರಲಿಲ್ಲ.

ಕಲಿಸುವ ಕೆಲಸದಲ್ಲಿ ಕೊರತೆಯೂ ಇದೆ. ಸಾಂಬ್ರಾದಲ್ಲಿ ಜುಲೈ ಬಂತೆಂದರೆ ಮೋಡ ನೆಲಕ್ಕೇ ಇಳಿದಿರುತ್ತದೆ, ದಿನಗಟ್ಟಲೆ ಹಾರಾಟವಿಲ್ಲ. ಮತ್ತೆ, ಕಲಿಸುವುದು ಹೆಚ್ಚಾಗಿ ಒಂದೇ ಎಂಜಿನ್ನಿನ ವಿಮಾನದಲ್ಲಿ. ಹಾಗಾಗಿ ಎರಡು ಎಂಜಿನ್ನಿನ ವಿಮಾನದ ಮೇಲಿನ ಇನ್‌ಸ್ಟ್ರುಮೆಂಟ್ ರೇಟಿಂಗ್ ಅನ್ನು, ಅಂದರೆ ಹೊರಗೆ ಕಾಣದಾಗ ಉಪಕರಣ ನೋಡಿ ಹಾರುವ ಅರ್ಹತೆಯನ್ನು, ಮಲ್ಲು ವರ್ಷವರ್ಷ ನವೀಕರಿಸಿಕೊಳ್ಳಬೇಕು, ಪೈಲಟ್‌ಗಳ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಯನ್ನೂ ಬಿಡಬಾರದು. ಕಂಪನಿಯ ಆಯ್ಕೆ ಪರೀಕ್ಷೆ ಪ್ರಕಟವಾದ ದಿನ ಕಾಗದವೆಲ್ಲ ಜೀವಂತವಿರಬೇಕು. ಎಟಿಆರ್-72ರ ಸಹಪೈಲಟ್ ಕೆಲಸ ಸಿಕ್ಕರೆ ಪಂಖದ ವಿಮಾನವೆಂದು ಮೂಗು ಮುರಿಯುವುದು ಬೇಡ. ಎರಡು ಟರ್ಬೈನ್, ಇಬ್ಬರು ಪೈಲಟ್, ದಿನಕ್ಕೆ ನಾಲ್ಕೈದು ಬಾರಿ ಏರಿಳಿತ. ನಾನು ಜೆಟ್‌ಗೆ ಬಂದದ್ದು ಅಲ್ಲಿಂದಲೇ.

ಭಾನುವಾರ ರಜೆ ಇದೆ, ಮುಧೋಳಕ್ಕೆ ಬರುತ್ತೇನೆ. ಲಾಗ್‌ಬುಕ್ ತೆಗೆದಿಡಲು ಮಲ್ಲುವಿಗೆ ಹೇಳಿ. ಅಲ್ಲಿಯವರೆಗೆ ಬ್ಯಾಂಕಿನವರು ಎಷ್ಟು ಸಲ ಫೋನ್ ಮಾಡಿದರೂ ಸಹಿ ಹಾಕಬೇಡಿ.