ಪೂರ್ವ ಜರ್ಮನಿಯಲ್ಲಿ ಲಿಬರಲ್ ಪಾರ್ಟಿಯೂ ಇತ್ತಂತೆ. ಅದನ್ನು ಯಾವ ಲೆಕ್ಕಕ್ಕೆ ಹಾಕೋದು?

ಗಂಜ್ ಮುನೀಮ, ಕಲಬುರಗಿ:
ನೆಹರು ಗಂಜ್‌ನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್ ಮುಗಿದರೆ ಮಧ್ಯಾಹ್ನ ಪುರುಸೊತ್ತು, ಆಗ ಇತಿಹಾಸ ಓದುವ ಚಟ. ಪೂರ್ವ ಜರ್ಮನಿ ಅಂದರೆ ಕಮ್ಯುನಿಸ್ಟರದ್ದು ಒಂದೇ ಪಾರ್ಟಿ ಅಂದುಕೊಂಡಿದ್ದೆ. ನೋಡಿದರೆ ಎಲ್‌ಡಿಪಿಡಿ ಅಂತ ಲಿಬರಲ್ ಪಾರ್ಟಿಯೂ ಇತ್ತು, 1945ರಿಂದಲೇ. ಸ್ವಂತ ಪತ್ರಿಕೆ ಬೇರೆ. 1963ರಿಂದ ಸಂಸತ್ತಿನ 500 ಸೀಟುಗಳಲ್ಲಿ 52 ಇವರದ್ದು. ಕಡಿಮೆ ಅಲ್ಲ, ಅಲ್ವಾ? ಹಾಗಾದರೆ ವಿರೋಧ ಪಕ್ಷ ಇತ್ತು ಅಂತಲೇ ತಿಳಿಯಬೇಕಾ? ನನಗಂತೂ ಜಮಾ-ಖರ್ಚು ತಾಳೆ ಆಗುತ್ತಿಲ್ಲ.

ಬೀದರ್ ಮಾಸ್ತರ್:
ಮುನೀಮರೇ, ಆ 52 ಚುನಾವಣೆಗೆ ಮೊದಲೇ ಹಂಚಿಟ್ಟದ್ದು. ಆಳುವ ಎಸ್‌ಇಡಿಗೆ 127, ಇವರಿಗಿಷ್ಟು, ಅವರಿಗಿಷ್ಟು. ಎಲ್ಲರೂ ಒಂದೇ ಪಟ್ಟಿಯಲ್ಲಿ. ಜನ ಚೀಟಿ ತಗೊಂಡು, ಮಡಚಿ, ಡಬ್ಬಿಗೆ ಹಾಕಿ ಬರುತ್ತಿದ್ದರು. ಗುರುತು ಹಾಕುವ ಕೆಲಸವೇ ಇಲ್ಲ. ಓಟು ಹಾಕುವುದಕ್ಕೆ ‘ಚೀಟಿ ಮಡಚೋದು’ ಅಂತಲೇ ಹೆಸರು. ಮೂಲೆಯಲ್ಲಿ ಮರೆ ಇರುತ್ತಿತ್ತು, ಆದರೆ ಅತ್ತ ಹೋದವರ ಮೇಲೆ ಕಣ್ಣು.

ಈ ಪಾರ್ಟಿಯಲ್ಲಿ ಸಣ್ಣ ವ್ಯಾಪಾರಿಗಳು, ಕೈಕಸಬಿನವರು ಜಾಸ್ತಿ. 1972ರಲ್ಲಿ ಉಳಿದಿದ್ದ ಖಾಸಗಿ ಕಾರ್ಖಾನೆಗಳನ್ನು ಸರ್ಕಾರ ತೆಗೆದುಕೊಂಡಾಗ ಪಾರ್ಟಿಯ ನಾಯಕರೇ ಸೈ ಅಂದರು. ಗಂಜ್‌ನ ವ್ಯಾಪಾರಿಗಳ ಸಂಘವೇ ಗಂಜ್‌ಗೆ ಬೀಗ ಹಾಕಿ ಅಂದಂಗೆ!

ಗಂಜ್ ಮುನೀಮ:
ಅಂದರೆ ನಮ್ಮೂರ ಸೊಸೈಟಿಯ ‘ಅವಿರೋಧ ಆಯ್ಕೆ’ ಅನ್ನಿ. ಹೋದ ಸಲ ನಮ್ಮ ಮಾಮಾ ಒಬ್ಬರೇ ಎದುರು ನಾಮಪತ್ರ ಹಾಕಿದ್ದರು. ರಾತ್ರಿ ಹನ್ನೊಂದಕ್ಕೆ ಇಬ್ಬರು ಹಿರಿಯರು ಬಂದು ಕಟ್ಟೆ ಮೇಲೆ ಕೂತರು. ಚಹಾ ಕುಡಿದರು. ಸೊಸೈಟಿಯ ಮಾತೇ ಎತ್ತಲಿಲ್ಲ, ಮಳೆ ಬಗ್ಗೆ ಮಾತಾಡಿದರು. ಬೆಳಿಗ್ಗೆ ಮಾಮಾ ಹೋಗಿ ನಾಮಪತ್ರ ವಾಪಸ್ ತಗೊಂಡರು. ಮಧ್ಯಾಹ್ನ ಪೇಡಾ ಹಂಚಿದರು. ಮಾಮಾಗೂ ಎರಡು ಸಿಕ್ಕವು.

ಶಹಾಪುರದಾಕಿ:
ಕಾಕಾ, ನಿಮ್ಮ ಮಾಮಾ ಪೇಡಾ ತಿಂದು ಮನೆಗೆ ಬಂದರಲ್ಲ. ಅಲ್ಲಿ ಹಾಗಿರಲಿಲ್ಲ. ಶುರುವಿನಲ್ಲಿ ಈ ಪಾರ್ಟಿಯ ಹುಡುಗರು ನಿಜವಾಗಿಯೂ ಎದುರು ನಿಂತಿದ್ದರು. ಲೈಪ್‌ಜಿಗ್‌ನ ವಿದ್ಯಾರ್ಥಿ ಸಂಘದ ಅಧ್ಯಕ್ಷ ವೋಲ್ಫ್‌ಗಾಂಗ್ ನಾಟೋನೆಕ್‌ನನ್ನು 1948ರಲ್ಲಿ ಹಿಡಿದರು. 25 ವರ್ಷ ಶಿಕ್ಷೆ, ಹೊರಗೆ ಬಂದದ್ದು 1956ರಲ್ಲಿ. ರೋಸ್ಟಾಕ್‌ನಲ್ಲಿ ಕಾನೂನು ಓದುತ್ತಿದ್ದ ಆರ್ನೋ ಎಶ್‌ನನ್ನು 1949ರಲ್ಲಿ ಹಿಡಿದು, 1951ರಲ್ಲಿ ಮಾಸ್ಕೋದಲ್ಲಿ ಗುಂಡಿಟ್ಟು ಕೊಂದರು. ವಯಸ್ಸು 23. ನಾನೂ ಲಾ ಓದುತ್ತಿದ್ದೇನೆ, ನನಗೂ ಈಗ 23. ಆ 52 ಸೀಟು ಇಂಥವರೆಲ್ಲ ಹೋದ ಮೇಲೆ ಉಳಿದವರಿಗೆ ಸಿಕ್ಕದ್ದು.

ಬೀದರ್ ಮಾಸ್ತರ್:
ಖರೆ ತಂಗಿ. ಇನ್ನೊಂದು ನೋಡು. 1972ರಲ್ಲೇ ಗರ್ಭಪಾತದ ಕಾನೂನು ಬಂದಾಗ ಕ್ರಿಶ್ಚಿಯನ್ ಪಾರ್ಟಿಯ 14 ಮಂದಿ ಬೇಡ ಅಂದರು, 8 ಮಂದಿ ತಟಸ್ಥ. 1989ರ ಗಲಾಟೆಗೆ ಮುಂಚೆ ಆ ಸದನದಲ್ಲಿ ಒಮ್ಮತ ಮುರಿದದ್ದು ಅದೊಂದೇ ಸಲ. ಅವತ್ತೂ ಲಿಬರಲ್‌ನವರು ಸುಮ್ನೆ ಕೈ ಎತ್ತಿದರು.

ಗಂಜ್ ಮುನೀಮ:
ಆಯ್ತು, 52 ಅನ್ನು 127ರ ಕೆಳಗೇ ಬರೆದು ಕೂಡಿಸಿದೆ. ಮಾಮಾಗೂ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೇಡಾ ಹಳಸಿತ್ತು’ ಅಂದರು.