ಒದ್ದೆ ಊರಿಗೆ ಬಂದ ಡ್ರೈ ವೈನು

ತೀರ್ಥಹಳ್ಳಿ ಹತ್ತಿರ ಭಾವನ ಮನೆ. ಆಗಸ್ಟ್ ಮಳೆ. ಕರೆಂಟು ಹೋಗಿ ಎರಡು ದಿನ ಆಗಿತ್ತು. ಅಂಥ ಹೊತ್ತಲ್ಲಿ ನನ್ನ ಜೊತೆ ಬಂದಿದ್ದ ಬೆಂಗಳೂರಿನ ಗೆಳೆಯ ಬ್ಯಾಗಿನಿಂದ ಒಂದು ಬಿಳಿ ವೈನ್ ಬಾಟಲಿ ತೆಗೆದು ಜಗಲಿ ಮೇಲೆ ಇಟ್ಟ. ಭಾವ ತಕ್ಷಣ ಪಕ್ಕದ ಮನೆ ಮೇಷ್ಟ್ರನ್ನು ಕೂಗಿದರು. ಮೇಷ್ಟ್ರಿಲ್ಲದೆ ನಮ್ಮ ಕಡೆ ಯಾವ ಹೊಸ ವಸ್ತುವೂ ಪಾಸಾಗುವುದಿಲ್ಲ.

“ಬಿಳಿ ಅಂತೀಯ, ಕಷಾಯದ ಬಣ್ಣ ಇದೆಯಲ್ಲೋ?” ಅಂದರು ಮೇಷ್ಟ್ರು.

“ಬಣ್ಣ ಇರೋದು ಸಿಪ್ಪೆಯಲ್ಲಿ ಸಾರ್. ಸಿಪ್ಪೆ ತೆಗೆದು ಬರೀ ರಸ ಹುಳಿ ಬರಿಸಿದರೆ ಹೀಗಾಗುತ್ತೆ. ಕಪ್ಪು ದ್ರಾಕ್ಷಿಯಲ್ಲೂ ಬಿಳಿ ವೈನ್ ಮಾಡಬಹುದು.”

ಭಾವ ಕನ್ನಡಕ ಏರಿಸಿ ಲೇಬಲ್ ಓದಿದರು. “ಸಾವಿಗ್ನಾನ್ ಬ್ಲಾಂಕ್.”

“ಸೋವಿನ್ಯೋನ್ ಬ್ಲಾಂ ಅನ್ನಬೇಕು ಭಾವ. ದ್ರಾಕ್ಷಿ ತಳಿ ಅದು.”

“ಎಂತದೇ ಇರಲಿ, ಹೆಸರಲ್ಲೇ ಸಾವಿದೆ” ಅಂತ ಮೇಷ್ಟ್ರು ಸ್ವಲ್ಪ ಹಿಂದೆ ಸರಿದರು.

“ಡ್ರೈ ವೈನು ಇದು” ಅಂದ ಗೆಳೆಯ.

ಭಾವನಿಗೆ ನಗು ತಡೆಯಲಿಲ್ಲ. “ಜೂನಿನಿಂದ ಈ ಮನೆಯಲ್ಲಿ ಒಂದು ಚಡ್ಡಿ ಡ್ರೈ ಆಗಿಲ್ಲ ಮಾರಾಯ, ವೈನ್ ಡ್ರೈ ಅಂತೆ!”

ದ್ರಾಕ್ಷಿಯ ಸಕ್ಕರೆಯೆಲ್ಲ ಆಲ್ಕೋಹಾಲ್ ಆಗಿ, ಸಿಹಿ ಉಳಿಯದಿದ್ದರೆ ಅದು ಡ್ರೈ ಅಂತ ಅವನು ವಿವರಿಸುತ್ತಲೇ ಇದ್ದ. ಕೇಳುವವರು ಯಾರೂ ಇರಲಿಲ್ಲ.

ಕಷ್ಟ ಶುರುವಾಗಿದ್ದು ತಂಪು ಮಾಡುವುದರಲ್ಲಿ. ಇಂಥ ವೈನ್ 7ರಿಂದ 10 ಡಿಗ್ರಿಯಲ್ಲಿ ಕುಡಿಯಬೇಕಂತೆ. ಫ್ರಿಜ್ ಎರಡು ದಿನದಿಂದ ಬರೀ ಬೀರು, ಅಂದರೆ ಬಟ್ಟೆ ಇಡುವ ಬೀರು. “ಅಬ್ಬಿ ನೀರಿದೆಯಲ್ಲ!” ಅಂತ ಭಾವ ಬಾಟಲಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಇಳಿದು ಬರುವ ನೀರು, ಮುಖಕ್ಕೆ ಹಾಕಿದರೆ ಮೈ ಜುಂ ಅನ್ನುತ್ತದೆ. ಅರ್ಧ ಗಂಟೆ ಇಟ್ಟೆವು. ಲೇಬಲ್ ಕಳಚಿ ತೋಟದ ಕಡೆ ತೇಲಿ ಹೋಯಿತು. ವೈನ್ ಮಾತ್ರ ಸುಮ್ನೆ ತಣ್ಣಗಿತ್ತು, ಅಷ್ಟೆ. ನಮಗೆ ಚಳಿ ಆಗುವ ನೀರು ವೈನಿಗೆ ಸಾಕಾಗಲ್ಲ ಅಂತ ಅವತ್ತು ಗೊತ್ತಾಯಿತು.

ಆಗ ಒಳಗಿಂದ ಅಕ್ಕ, “ಬೆಳಿಗ್ಗೆ ಬಂಗುಡೆ ಬಂದ ಡಬ್ಬಿಯಲ್ಲಿ ಐಸ್ ಇದೆ ನೋಡಿ” ಅಂದಳು. ಘಟ್ಟ ಹತ್ತಿ ಬಂದ ಥರ್ಮಾಕೋಲ್ ಡಬ್ಬಿ ಅದು. ಭಾವ ಬಾಟಲಿಯನ್ನು ಐಸಲ್ಲಿ ಹೂಳಲು ಹೊರಟರು.

“ಬರೀ ಐಸ್ ಸಾಲದು ಭಾವ, ನೀರೂ ಸುರೀರಿ. ಐಸ್ ಗಡ್ಡೆ ಬಾಟಲಿಗೆ ಅಲ್ಲಲ್ಲಿ ತಾಗುತ್ತೆ, ನೀರಾದರೆ ಸುತ್ತಲೂ ತಾಗುತ್ತೆ. ಒಂದು ಹಿಡಿ ಕಲ್ಲುಪ್ಪೂ ಹಾಕಿ, ಇನ್ನೂ ಬೇಗ ತಂಪಾಗುತ್ತೆ.”

“ಉಪ್ಪು ಹಾಕಿ ಆಯಿತು. ಮೆಣಸಿನಪುಡಿ?” ಅಂದರು ಮೇಷ್ಟ್ರು.

ಇಪ್ಪತ್ತು ನಿಮಿಷಕ್ಕೆ ಬಾಟಲಿ ಮುಟ್ಟಿದರೆ ಬೆರಳು ಮರಗಟ್ಟುವ ಹಾಗಿತ್ತು. ಬಿರಡೆ ಕೀಳಲು ಭಾವ ಸ್ಕ್ರೂಡ್ರೈವರ್, ಇಕ್ಕಳ, ಕೊನೆಗೆ ಕತ್ತಿಯನ್ನೂ ತಂದು ಸಾಲಾಗಿ ಜೋಡಿಸಿದ್ದರು. ಗೆಳೆಯ ಮುಚ್ಚಳ ತಿರುಗಿಸಿದ, ಬಂತು. ಭಾವನ ಮುಖ ಸಣ್ಣಗಾಯಿತು. ತಿರುಗಿಸುವ ಮುಚ್ಚಳ ಇದ್ದರೆ ಕಳಪೆ ಮಾಲು ಅಂತೇನಿಲ್ಲವಂತೆ.

ಕಾಲಿರುವ ಗ್ಲಾಸ್ ಆ ಮನೆಯಲ್ಲಿ ಎಲ್ಲಿ ಬರಬೇಕು? ಗಾಜಿನ ಟೀ ಲೋಟಗಳೇ ಗತಿ. ಗೆಳೆಯ ಕಾಲು ಲೋಟ ಹಾಕಿ ನಿಲ್ಲಿಸಿದ.

“ಜಿಪುಣತನ ಎಂತಕ್ಕೆ ಮಾರಾಯ?”

“ಜಾಸ್ತಿ ಹಾಕಿದರೆ ಕುಡಿದು ಮುಗಿಯೋದರೊಳಗೆ ಬಿಸಿ ಆಗುತ್ತೆ. ಮೇಲೆ ಖಾಲಿ ಜಾಗ ಇದ್ದರೆ ಪರಿಮಳ ನಿಲ್ಲುತ್ತೆ. ಲೋಟ ಅಂಗೈಯಲ್ಲಿ ಅಪ್ಪಿ ಹಿಡೀಬೇಡಿ, ಕೈ ಬಿಸಿ ತಾಗುತ್ತೆ. ಈಗ ಮೂಗಿಟ್ಟು ನೋಡಿ. ಪೇರಲೆ, ನಿಂಬೆ, ಆಗಷ್ಟೇ ಕೊಯ್ದ ಹುಲ್ಲು...”

ಮೇಷ್ಟ್ರು ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡರು. “ಬಂಗುಡೆ.”

ಬಾಟಲಿ ಒರೆಸಿರಲಿಲ್ಲ. ಅವನ ಕೈಯೆಲ್ಲ ಮೀನಿನ ನೀರು.

“ತೀರಾ ತಂಪಾದರೂ ಪರಿಮಳ ಸತ್ತುಹೋಗುತ್ತೆ” ಅಂತ ಗೆಳೆಯ ಮಾತು ತೇಲಿಸಲು ನೋಡಿದ.

“ಹಾಗಾದರೆ ಇನ್ನೊಂದು ಸ್ವಲ್ಪ ಐಸಲ್ಲಿ ಇಡು. ಬಂಗುಡೆಯೂ ಸಾಯಲಿ.”

ಕುಡಿದ ಮೇಷ್ಟ್ರು ಹುಳಿಗೆ ಒಂದು ಕಣ್ಣು ಮುಚ್ಚಿ, “ಇದಕ್ಕಿಂತ ಮಜ್ಜಿಗೆ ವಾಸಿ” ಅಂತ ತೀರ್ಪು ಕೊಟ್ಟು ಲೋಟ ಕೆಳಗಿಟ್ಟರು. ಆದರೆ ಅಕ್ಕ ಬಿಸಿಬಿಸಿ ಮೀನು ಫ್ರೈ ತಂದಿಟ್ಟಾಗ ಆಟ ತಿರುಗಿತು. ಎಣ್ಣೆ ಜಿಡ್ಡಿನ ಮೇಲೆ ಆ ಹುಳಿ ನಿಂಬೆ ಹಿಂಡಿದ ಹಾಗೆ ಕೂತಿತು. ಖಾರ ಜಾಸ್ತಿ ಇದ್ದ ತುಂಡು ತಿಂದ ಭಾವ ಮಾತ್ರ ಬಾಯಿ ಊದಿಕೊಂಡು ಕೂತರು. ಆಲ್ಕೋಹಾಲ್ ಬಿದ್ದರೆ ಖಾರ ಇನ್ನೂ ಉರಿಯುತ್ತದೆ. ಖಾರದ ಅಡುಗೆಗೆ ಸ್ವಲ್ಪ ಸಿಹಿ ವೈನೇ ಸರಿ.

ಬಾಟಲಿ ಅಂದರೆ 750 ಎಂಎಲ್, ಲೆಕ್ಕಕ್ಕೆ ಐದು ಗ್ಲಾಸು. ನಮ್ಮ ಕಾಲು ಲೋಟದ ಶಿಸ್ತಿನಲ್ಲಿ ಅರ್ಧ ಬಾಟಲಿ ಉಳಿಯಿತು. ಮುಚ್ಚಳ ಬಿಗಿದು ಫ್ರಿಜ್ಜಲ್ಲಿ ಇಟ್ಟರೆ ಮೂರ್ನಾಲ್ಕು ದಿನ ಚೆನ್ನಾಗಿರುತ್ತದೆ. ಕರೆಂಟಿಲ್ಲದೆ ಎಂತ ಮಾಡುವುದು? ಮತ್ತೆ ಅಬ್ಬಿ ನೀರಲ್ಲೇ ಇಟ್ಟು ಮಲಗಿದೆವು.

ಮರುದಿನ ಮಧ್ಯಾಹ್ನ ಮೇಷ್ಟ್ರು ನಮ್ಮಲ್ಲೇ ಊಟಕ್ಕೆ ಕೂತರು. ಮೀನು ಸಾರು ಎರಡನೇ ಸಲ ಬಡಿಸಿಕೊಂಡು ಅಕ್ಕನನ್ನು ಕೇಳಿದರು: “ಹುಳಿ ಭಾರೀ ಚೆನ್ನಾಗಿದೆ ತಂಗಿ. ಉಪ್ಪಾಗೆಯದ್ದಾ?”

ಅಕ್ಕ ಹಿತ್ತಿಲ ಕಡೆ ನೋಡಿದಳು. ದಬ್ಬೆಯ ಕೆಳಗೆ ಖಾಲಿ ಬಾಟಲಿ ನೀರಲ್ಲಿ ಸುತ್ತುತ್ತಿತ್ತು.